ವಕೀಲರ ದುಡ್ಡು, ವಿಜ್ಞಾನದ ಪೀಠ: ರಾಸಬಿಹಾರಿ ಘೋಷ್ ಅವರ ದತ್ತಿ

1913ರ ಆಗಸ್ಟ್‌ನಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಅದರ ಹಳೆಯ ವಿದ್ಯಾರ್ಥಿಯೊಬ್ಬರು 10 ಲಕ್ಷ ರೂಪಾಯಿ ಕೊಡುವುದಾಗಿ ಪತ್ರ ಬರೆದರು. ಬರೆದವರು ಕಲ್ಕತ್ತಾ ಹೈಕೋರ್ಟಿನ ವಕೀಲ ರಾಸಬಿಹಾರಿ ಘೋಷ್. ಓದಿದ್ದು ಇಂಗ್ಲಿಷ್ ಸಾಹಿತ್ಯ ಮತ್ತು ಕಾನೂನು, ದುಡಿದದ್ದು ಜಮೀನು ಮತ್ತು ಅಡಮಾನದ ವ್ಯಾಜ್ಯಗಳಲ್ಲಿ. ಆದರೆ ಹಣ ಕೊಟ್ಟದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಅನ್ವಯಿಕ ಗಣಿತ ಮತ್ತು ಸಸ್ಯಶಾಸ್ತ್ರಕ್ಕೆ. ಆರು ವರ್ಷಗಳ ನಂತರ ಅವರು ಇನ್ನೂ 11.43 ಲಕ್ಷ ರೂಪಾಯಿ ಸೇರಿಸಿದರು. ಭಾರತದ ವಿಶ್ವವಿದ್ಯಾಲಯವೊಂದರಲ್ಲಿ ಆಧುನಿಕ ವಿಜ್ಞಾನ ಸಂಶೋಧನೆ ಬೇರೂರಿದ್ದು ಯಾರ ಖರ್ಚಿನಲ್ಲಿ ಎಂದು ಹುಡುಕಿದರೆ ಸಿಗುವ ಎರಡು ಮುಖ್ಯ ಹೆಸರುಗಳಲ್ಲಿ ಇದು ಒಂದು. ಇನ್ನೊಂದು ಹೆಸರು ಮತ್ತೊಬ್ಬ ವಕೀಲರಾದ ತಾರಕನಾಥ ಪಾಲಿತ್ ಅವರದು.

ಘೋಷ್ ಹುಟ್ಟಿದ್ದು 1845ರ ಡಿಸೆಂಬರ್ 23ರಂದು, ಬಂಗಾಳದ ಬರ್ಧಮಾನ್ ಜಿಲ್ಲೆಯ ತೋರ್ಕೋನಾ ಎಂಬ ಹಳ್ಳಿಯಲ್ಲಿ. ಕಲ್ಕತ್ತಾ ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾದಾಗ ಅವರು ಹನ್ನೊಂದು ವರ್ಷದ ಹುಡುಗ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಇಂಗ್ಲಿಷ್ ಎಂ.ಎ.ಯಲ್ಲಿ ಮೊದಲ ದರ್ಜೆ ಪಡೆದರು, ಆಮೇಲೆ ಕಾನೂನು ಪದವಿ ಮುಗಿಸಿ 1867ರಲ್ಲಿ ಹೈಕೋರ್ಟಿನಲ್ಲಿ ವಕೀಲಿ ಹಿಡಿದರು. ವಿಶ್ವವಿದ್ಯಾಲಯದ ನಂಟು ಅಲ್ಲಿಗೆ ಕಡಿಯಲಿಲ್ಲ. 1870ರ ದಶಕದ ನಡುವೆ ಅಲ್ಲಿನ ಟ್ಯಾಗೋರ್ ಕಾನೂನು ಪ್ರಾಧ್ಯಾಪಕರಾಗಿ ಭಾರತದ ಅಡಮಾನ ಕಾನೂನಿನ ಮೇಲೆ ಉಪನ್ಯಾಸಮಾಲೆ ಕೊಟ್ಟರು. ಅದು ಪುಸ್ತಕವಾಗಿ ಬಂದು ವಕೀಲರ ಮೇಜಿನ ಮೇಲೆ ಬಹುಕಾಲ ಉಳಿಯಿತು. 1884ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಬಂತು. ಮುಂದೆ ಸಿಂಡಿಕೇಟ್ ಸದಸ್ಯರಾಗಿ, ಕಾನೂನು ನಿಕಾಯದ ಡೀನ್ ಆಗಿ ಒಳಗಿನಿಂದಲೇ ಆ ಸಂಸ್ಥೆಯ ಬಲವನ್ನೂ ದೌರ್ಬಲ್ಯವನ್ನೂ ಕಂಡರು.

ಅವರ ಸಂಪತ್ತು ಬಂದ ದಾರಿಯನ್ನು ತಿಳಿಯಲು ಬಂಗಾಳದ ಭೂವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. 1793ರಲ್ಲಿ ಬ್ರಿಟಿಷರು ಜಾರಿಗೆ ತಂದ ಶಾಶ್ವತ ಜಮೀನ್ದಾರಿ ಪದ್ಧತಿಯಲ್ಲಿ ಭೂಮಿಯ ಕಂದಾಯ ನಿಗದಿಯಾಗಿತ್ತು, ಆದರೆ ಆ ಭೂಮಿಯ ಮೇಲಿನ ಹಕ್ಕುಗಳು ಪದರಪದರವಾಗಿ ಬೆಳೆದವು. ಜಮೀನ್ದಾರನ ಕೆಳಗೆ ಒಬ್ಬ, ಅವನ ಕೆಳಗೆ ಇನ್ನೊಬ್ಬ, ಪ್ರತಿಯೊಬ್ಬನಿಗೂ ಸಾಲ, ಪ್ರತಿ ಸಾಲಕ್ಕೂ ಅಡಮಾನ. ತಂದೆ ತೀರಿಕೊಂಡರೆ ಪಾಲಿನ ದಾವೆ, ಸಾಲ ತೀರದಿದ್ದರೆ ಹರಾಜಿನ ದಾವೆ. ತಲೆಮಾರುಗಟ್ಟಲೆ ಎಳೆಯುತ್ತಿದ್ದ ಈ ವ್ಯಾಜ್ಯಗಳಲ್ಲಿ ಹಣ ಹರಿದು ಬರುತ್ತಿದ್ದುದು ವಕೀಲರ ಕಡೆಗೆ. ವ್ಯಾಪಾರ, ಕೈಗಾರಿಕೆಗಳು ಹೆಚ್ಚಾಗಿ ಐರೋಪ್ಯರ ಮತ್ತು ಹೊರಗಿನವರ ಕೈಯಲ್ಲಿದ್ದ ಕಲ್ಕತ್ತಾದಲ್ಲಿ ಓದಿದ ಬಂಗಾಳಿಯೊಬ್ಬ ದೊಡ್ಡ ಹಣ ಮಾಡಲು ಇದ್ದ ರಾಜಮಾರ್ಗ ಹೈಕೋರ್ಟು. ಅಡಮಾನದ ಕಾನೂನನ್ನು ಅರೆದು ಕುಡಿದಿದ್ದ ಘೋಷ್ ಆ ಮಾರ್ಗದಲ್ಲಿ ಎಲ್ಲರಿಗಿಂತ ಮುಂದೆ ಹೋದವರಲ್ಲಿ ಒಬ್ಬರು. ವೈಸ್‌ರಾಯ್ ಅವರ ಶಾಸನ ಸಭೆಯಲ್ಲಿಯೂ ಇದ್ದ ಅವರ ಪ್ರಯತ್ನ 1893ರ ವಿಭಾಗ ಕಾಯ್ದೆಯ ಹಿಂದಿದೆ. ಹಂಚಿಕೊಳ್ಳಲು ಬಾರದ ಮನೆಯನ್ನು ಮಾರಿ ಹಣ ಹಂಚಬೇಕೇ, ಪಾಲುದಾರರಲ್ಲೇ ಒಬ್ಬರು ಕೊಳ್ಳಬಹುದೇ ಎಂಬ ಪ್ರಶ್ನೆ ಬಂದಾಗ ಕರ್ನಾಟಕದ ಸಿವಿಲ್ ನ್ಯಾಯಾಲಯಗಳಲ್ಲಿ ಇಂದಿಗೂ ವಕೀಲರು ತೆರೆಯುವುದು ಅದೇ ಕಾಯ್ದೆಯನ್ನು.

ರಾಜಕೀಯದಲ್ಲಿ ಅವರು ಮಂದಗಾಮಿ. 1905ರಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿ ಘಟಿಕೋತ್ಸವ ಭಾಷಣ ಮಾಡುತ್ತ, ಸತ್ಯಕ್ಕೆ ಪಶ್ಚಿಮದಲ್ಲಿ ಇರುವ ಬೆಲೆ ಪೂರ್ವದಲ್ಲಿ ಇಲ್ಲ ಎಂಬರ್ಥದ ಮಾತಾಡಿದರು. ಅದನ್ನು ಖಂಡಿಸಲು ಟೌನ್ ಹಾಲ್‌ನಲ್ಲಿ ಸೇರಿದ ಸಭೆಯ ಅಧ್ಯಕ್ಷತೆ ವಹಿಸಿದವರು ಘೋಷ್. 1907ರಲ್ಲಿ ಸೂರತ್ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಮಂದಗಾಮಿಗಳಿಗೂ ತಿಲಕರ ತೀವ್ರಗಾಮಿ ಬಣಕ್ಕೂ ಜಗಳ ಹತ್ತಿ, ಪಾದರಕ್ಷೆ ತೂರಿಬಂದು, ಕುರ್ಚಿಗಳು ಹಾರಾಡಿ, ಕಾಂಗ್ರೆಸ್ ಎರಡು ಹೋಳಾದದ್ದು ಆ ಅಧಿವೇಶನದಲ್ಲೇ. ಮರುವರ್ಷ ಮದ್ರಾಸಿನಲ್ಲೂ ಅವರೇ ಅಧ್ಯಕ್ಷರಾದರು. ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಸೂರತ್ತಿನ ಗದ್ದಲಕ್ಕಾಗಿ ಮಾತ್ರ ಅವರನ್ನು ನೆನೆಯುತ್ತವೆ. ಅವರ ಬದುಕಿನಲ್ಲಿ ಬಹುಶಃ ಅತ್ಯಂತ ಕಡಿಮೆ ಫಲ ಕೊಟ್ಟ ದಿನಗಳು ಅವು.

ಬಂಗಾಳದ ವಿಭಜನೆಯ ವಿರುದ್ಧ ಎದ್ದ ಸ್ವದೇಶಿ ಚಳವಳಿ ಶಿಕ್ಷಣಕ್ಕೂ ಹಬ್ಬಿತು. ಸರ್ಕಾರಿ ಹಿಡಿತದ ವಿಶ್ವವಿದ್ಯಾಲಯವನ್ನು ಬಿಟ್ಟು ದೇಶೀಯರದೇ ಆದ ವಿದ್ಯಾಸಂಸ್ಥೆ ಕಟ್ಟಬೇಕೆಂದು 1906ರಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತು ಹುಟ್ಟಿತು. ಅದು ತೆರೆದ ಬಂಗಾಳ ರಾಷ್ಟ್ರೀಯ ಕಾಲೇಜಿಗೆ ಅರವಿಂದ ಘೋಷರು ಮೊದಲ ಪ್ರಾಂಶುಪಾಲರು, ಪರಿಷತ್ತಿಗೆ ರಾಸಬಿಹಾರಿ ಘೋಷ್ ಅಧ್ಯಕ್ಷರು. ಅದೇ ಹೊತ್ತಿಗೆ ಇನ್ನೊಂದು ಗುಂಪು, ರಾಜಕೀಯ ಪಕ್ಕಕ್ಕಿಟ್ಟು ಕೈಕಸುಬು ಮತ್ತು ತಾಂತ್ರಿಕ ವಿದ್ಯೆ ಕಲಿಸೋಣ ಎಂದು ಬಂಗಾಳ ತಾಂತ್ರಿಕ ಸಂಸ್ಥೆಯನ್ನು ತೆರೆಯಿತು. ಅದರ ಬೆನ್ನೆಲುಬು ತಾರಕನಾಥ ಪಾಲಿತ್. ಅಪ್ಪರ್ ಸರ್ಕ್ಯುಲರ್ ರಸ್ತೆಯ 92ನೇ ನಂಬರಿನ ಅವರ ಜಾಗದಲ್ಲೇ ಅದು ನಡೆಯುತ್ತಿತ್ತು. 1910ರಲ್ಲಿ ಎರಡೂ ಗುಂಪುಗಳು ಒಂದಾದವು.

ಇಲ್ಲೊಂದು ಸಹಜ ಪ್ರಶ್ನೆ ಏಳುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಬದಲಿಯಾಗಿ ಹುಟ್ಟಿದ ಪರಿಷತ್ತಿನ ಅಧ್ಯಕ್ಷರು ಅದೇ ವಿಶ್ವವಿದ್ಯಾಲಯಕ್ಕೆ 10 ಲಕ್ಷ ಯಾಕೆ ಕೊಟ್ಟರು? ಉತ್ತರದ ದೊಡ್ಡ ಪಾಲು ಆಶುತೋಷ್ ಮುಖರ್ಜಿ ಎಂಬ ವ್ಯಕ್ತಿಯಲ್ಲಿದೆ.

ಮೊದಲ ಐವತ್ತು ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯ ಲಂಡನ್ನಿನ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಹಂಚುವ ಕಚೇರಿಯಾಗಿತ್ತು. ಪಾಠ ನಡೆಯುತ್ತಿದ್ದುದು ಕಾಲೇಜುಗಳಲ್ಲಿ. ವಿಶ್ವವಿದ್ಯಾಲಯಕ್ಕೆ ತನ್ನದೇ ಪ್ರಯೋಗಾಲಯಗಳಿರಲಿಲ್ಲ. 1904ರ ವಿಶ್ವವಿದ್ಯಾಲಯಗಳ ಕಾಯ್ದೆಯನ್ನು ಕರ್ಜನ್ ತಂದದ್ದು ಹಿಡಿತ ಬಿಗಿಗೊಳಿಸಲು ಎಂದು ದೇಶೀಯ ನಾಯಕರೆಲ್ಲ ವಿರೋಧಿಸಿದ್ದರು. ಆದರೆ ಅದರಲ್ಲಿ ವಿಶ್ವವಿದ್ಯಾಲಯಗಳು ಸ್ವತಃ ಪಾಠ ಮಾಡಬಹುದು, ಪ್ರಾಧ್ಯಾಪಕರನ್ನು ನೇಮಿಸಬಹುದು, ದತ್ತಿ ಪಡೆಯಬಹುದು ಎಂಬ ಅವಕಾಶವೂ ಇತ್ತು. 1906ರಲ್ಲಿ ಕುಲಪತಿಯಾದ ಆಶುತೋಷ್ ಆ ಕಿಂಡಿಯನ್ನೇ ಹೆಬ್ಬಾಗಿಲು ಮಾಡಿದರು. ಗಣಿತದಲ್ಲಿ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ್ದ ಅವರು ವಕೀಲರಾಗಿ, ಆಮೇಲೆ ಹೈಕೋರ್ಟ್ ನ್ಯಾಯಮೂರ್ತಿಯಾಗಿ ಹೆಸರಾದವರು. ವಕೀಲಿಯ ಪಾಠ ಕಲಿತದ್ದು ರಾಸಬಿಹಾರಿ ಘೋಷರ ಕೈಕೆಳಗೆ. ಹಳೆಯ ಶಿಷ್ಯ ಕುಲಪತಿ, ಗುರು ಊರಿನ ದೊಡ್ಡ ಶ್ರೀಮಂತರಲ್ಲೊಬ್ಬರು. ದತ್ತಿಯ ಮಾತು ಇಬ್ಬರ ನಡುವೆ ಕಷ್ಟವಿಲ್ಲದೆ ಬೆಳೆದಿರಬೇಕು.

ಮೊದಲು ಕೊಟ್ಟವರು ಪಾಲಿತ್. 1912ರಲ್ಲಿ ಅವರು ಎರಡು ಕಂತುಗಳಲ್ಲಿ ನಗದು, ಭೂಮಿ, ಕಟ್ಟಡ ಸೇರಿ ಸುಮಾರು 15 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಭೌತಶಾಸ್ತ್ರಕ್ಕೊಂದು, ರಸಾಯನಶಾಸ್ತ್ರಕ್ಕೊಂದು ಪೀಠ ಆಗಬೇಕೆಂಬುದು ಕರಾರು. ಬರೆದುಕೊಟ್ಟ ಆಸ್ತಿಯಲ್ಲಿ 92ನೇ ನಂಬರಿನ ಜಾಗವೂ ಇದ್ದುದರಿಂದ ಅಲ್ಲಿದ್ದ ತಾಂತ್ರಿಕ ಸಂಸ್ಥೆ ಗಂಟುಮೂಟೆ ಕಟ್ಟಿ ಮಾಣಿಕ್‌ತಲಾದ ಒಂದು ತೋಟದ ಮನೆಗೆ ಹೋಗಬೇಕಾಯಿತು. ರಾಷ್ಟ್ರೀಯ ಶಿಕ್ಷಣ ಪರಿಷತ್ತಿಗೆ ಇದು ದೊಡ್ಡ ಪೆಟ್ಟು. ಅದರ ಅಧ್ಯಕ್ಷ ಘೋಷ್ ಮುನಿಸಿಕೊಂಡು ಕೂರಲಿಲ್ಲ. ಮರುವರ್ಷವೇ ಪಾಲಿತರ ದಾನದ ಪಕ್ಕದಲ್ಲಿ ತಮ್ಮ ದಾನವನ್ನೂ ಇಟ್ಟರು, ಪರಿಷತ್ತನ್ನೂ ಕೈಬಿಡಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟರೆಂದು ಆಡಿಕೊಳ್ಳುವವರಿಗೆ ಅವಕಾಶವಿತ್ತು. ಆದರೆ ಮುಂದಿನ ನೂರು ವರ್ಷಗಳನ್ನು ನೋಡಿದವರಿಗೆ ಎರಡೂ ದೋಣಿ ದಡ ಸೇರಿದ್ದು ಕಾಣುತ್ತದೆ.

ಘೋಷ್ ಅವರ 1913ರ ದತ್ತಿಯಲ್ಲಿ ನಾಲ್ಕು ಪೀಠಗಳಿದ್ದವು: ಅನ್ವಯಿಕ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಮತ್ತು ಕೃಷಿಗೆ ವಿಶೇಷ ಗಮನ ಕೊಡುವ ಸಸ್ಯಶಾಸ್ತ್ರ. ಪ್ರತಿ ಪ್ರಾಧ್ಯಾಪಕರ ಜೊತೆಗೆ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೂ ವೇತನ. ದಾನಿಗಳು ಸಾಮಾನ್ಯವಾಗಿ ಕಟ್ಟಡವನ್ನು ಬಯಸುತ್ತಾರೆ. ಕಟ್ಟಡಕ್ಕೆ ಕಲ್ಲು ಹಾಕಬಹುದು, ಹೆಸರು ಕೆತ್ತಬಹುದು. ಘೋಷ್ ಕೊಟ್ಟದ್ದು ಸಂಬಳಕ್ಕೆ. ಅಸಲನ್ನು ಮುಟ್ಟದೆ, ಅದನ್ನು ಸುರಕ್ಷಿತವಾಗಿ ತೊಡಗಿಸಿ, ಬಡ್ಡಿಯಿಂದ ಪ್ರಾಧ್ಯಾಪಕರನ್ನು ಸಾಕುವುದು ದತ್ತಿನಿಧಿಯ ಕ್ರಮ. ಆ ಕಾಲದಲ್ಲಿ ಇಂಥ ನಿಧಿಗಳು ಹೆಚ್ಚಾಗಿ ಶೇ. 3.5 ಬಡ್ಡಿಯ ಸರ್ಕಾರಿ ಸಾಲಪತ್ರಗಳಲ್ಲಿ ಇರುತ್ತಿದ್ದವು. ಆ ದರದಲ್ಲಿ 10 ಲಕ್ಷಕ್ಕೆ ವರ್ಷಕ್ಕೆ 35,000 ರೂಪಾಯಿ, ತಿಂಗಳಿಗೆ 2,900 ಚಿಲ್ಲರೆ. ಪ್ರಾಧ್ಯಾಪಕನೊಬ್ಬನ ಮಾಸಿಕ ಸಂಬಳವನ್ನು ನೂರುಗಳಲ್ಲಿ ಎಣಿಸುತ್ತಿದ್ದ ಕಾಲದಲ್ಲಿ ನಾಲ್ವರು ಪ್ರಾಧ್ಯಾಪಕರನ್ನೂ ಕೆಲವು ಸಂಶೋಧಕರನ್ನೂ ಅಷ್ಟರಲ್ಲಿ ನಡೆಸಬಹುದಿತ್ತು.

ಪಾಲಿತ್ ಮತ್ತು ಘೋಷ್ ಇಬ್ಬರೂ ಹಾಕಿದ ಇನ್ನೊಂದು ಕರಾರು ಸರ್ಕಾರಕ್ಕೆ ಕಸಿವಿಸಿ ತಂದಿತು. ಈ ಪೀಠಗಳಲ್ಲಿ ಕೂರುವವರು ಭಾರತೀಯರೇ ಆಗಿರಬೇಕು. ಇದರ ಹಿನ್ನೆಲೆ ಸರ್ಕಾರಿ ಶಿಕ್ಷಣ ಸೇವೆಯಲ್ಲಿದ್ದ ಮೇಲುಕೀಳು. ಪ್ರೆಸಿಡೆನ್ಸಿಯಂಥ ಸರ್ಕಾರಿ ಕಾಲೇಜುಗಳಲ್ಲಿ ಮೇಲಿನ ದರ್ಜೆಯ ಹುದ್ದೆಗಳು ಬಹುಮಟ್ಟಿಗೆ ಇಂಗ್ಲಿಷರಿಗೆ ಮೀಸಲು. ಕೇಂಬ್ರಿಜ್‌ನಲ್ಲಿ ಓದಿ ಬಂದ ಜಗದೀಶಚಂದ್ರ ಬೋಸ್ ಅವರಿಗೆ ಅದೇ ಕೆಲಸಕ್ಕೆ ಇಂಗ್ಲಿಷರಿಗಿಂತ ಕಡಿಮೆ ಸಂಬಳ ಗೊತ್ತಾದಾಗ ಅವರು ವರ್ಷಗಟ್ಟಲೆ ಸಂಬಳ ಮುಟ್ಟದೆ ಪ್ರತಿಭಟಿಸಿದ್ದರು. ಎಡಿನ್‌ಬರೋದ ಡಾಕ್ಟರೇಟ್ ಇದ್ದ ಪ್ರಫುಲ್ಲಚಂದ್ರ ರಾಯ್ ಹೆಸರು ಮಾಡಿದ ಮೇಲೂ ಪ್ರಾಂತೀಯ ಸೇವೆಯ ಕೆಳದರ್ಜೆಯಲ್ಲೇ ಉಳಿದಿದ್ದರು. ಈ ಅನ್ಯಾಯಕ್ಕೆ ಮನವಿಪತ್ರಗಳು, ಭಾಷಣಗಳು ಮೊದಲೂ ನಡೆದಿದ್ದವು. ಇಬ್ಬರು ವಕೀಲರು ಅದಕ್ಕೆ ದತ್ತಿಪತ್ರದ ಒಂದು ಷರತ್ತಿನಲ್ಲಿ ಉತ್ತರ ಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಟಾಟಾ ಅವರ ದಾನದಿಂದಲೇ ಹುಟ್ಟಿದರೂ ಅದಕ್ಕೆ ಮೊದಲ ಭಾರತೀಯ ನಿರ್ದೇಶಕರು ಸಿಕ್ಕಿದ್ದು 1933ರಲ್ಲಿ. ಬಂದವರು ಕಲ್ಕತ್ತಾದ ಪಾಲಿತ್ ಪೀಠದಲ್ಲಿದ್ದ ಸಿ.ವಿ. ರಾಮನ್.

1914ರ ಮಾರ್ಚ್ 27ರಂದು 92ನೇ ನಂಬರಿನ ಜಾಗದಲ್ಲಿ ವಿಶ್ವವಿದ್ಯಾಲಯ ವಿಜ್ಞಾನ ಕಾಲೇಜಿಗೆ ಆಶುತೋಷ್ ಅಡಿಗಲ್ಲು ಹಾಕಿದರು. ಕುಲಪತಿಯಾಗಿ ಅವರ ಅವಧಿ ಮುಗಿಯಲು ಕೆಲವೇ ದಿನ ಉಳಿದಿದ್ದವು. ಸರ್ಕಾರದಿಂದ ದೊಡ್ಡ ಅನುದಾನ ಬರಲಿಲ್ಲ. ಅದೇ ವರ್ಷ ಮಹಾಯುದ್ಧ ಶುರುವಾಯಿತು, ಪಾಲಿತರೂ ತೀರಿಕೊಂಡರು.

ಯುದ್ಧದ ಪೆಟ್ಟು ನೇರವಾಗಿ ಬಿದ್ದದ್ದು ಘೋಷ್ ಪೀಠಗಳ ಮೇಲೆ. ಭೌತಶಾಸ್ತ್ರಕ್ಕೆ ಆಯ್ಕೆಯಾಗಿದ್ದ ದೇಬೇಂದ್ರ ಮೋಹನ್ ಬೋಸ್ ಮತ್ತು ಸಸ್ಯಶಾಸ್ತ್ರಕ್ಕೆ ಆಯ್ಕೆಯಾಗಿದ್ದ ಶಂಕರ ಪುರುಷೋತ್ತಮ ಆಘರ್ಕರ್ ಇಬ್ಬರೂ ಹೆಚ್ಚಿನ ತರಬೇತಿಗೆ ಜರ್ಮನಿಗೆ ಹೋಗಿದ್ದರು. ಬ್ರಿಟಿಷ್ ಪ್ರಜೆಗಳಾದ ಅವರು ಶತ್ರುದೇಶದಲ್ಲಿ ಸಿಕ್ಕಿಬಿದ್ದು, ಯುದ್ಧ ಮುಗಿಯುವ ತನಕ ವಾಪಸಾಗಲಾರದೆ ಹೋದರು. ಅನ್ವಯಿಕ ಗಣಿತದ ಪೀಠಕ್ಕೆ ಕೇಂಬ್ರಿಜ್ ಮತ್ತು ಗಟಿಂಗೆನ್‌ನಲ್ಲಿ ಕಲಿತಿದ್ದ ಗಣೇಶ ಪ್ರಸಾದ್ ಬಂದರು, ರಸಾಯನಶಾಸ್ತ್ರಕ್ಕೆ ಪ್ರಫುಲ್ಲಚಂದ್ರ ಮಿತ್ತರ್.

ಪ್ರಾಧ್ಯಾಪಕರಿಲ್ಲದ ಭೌತಶಾಸ್ತ್ರ ವಿಭಾಗವನ್ನು ಹೇಗೆ ನಡೆಸುವುದು? ಆಶುತೋಷ್ ಆಗತಾನೆ ಎಂ.ಎಸ್ಸಿ. ಮುಗಿಸಿದ್ದ ಹುಡುಗರನ್ನು ಕರೆದು ಪಾಠಕ್ಕೆ ನಿಲ್ಲಿಸಿದರು. ಅವರಲ್ಲಿ ಮೇಘನಾದ್ ಸಹಾ, ಸತ್ಯೇಂದ್ರನಾಥ ಬೋಸ್, ಶಿಶಿರ್ ಕುಮಾರ್ ಮಿತ್ರಾ ಇದ್ದರು. ರಸಾಯನಶಾಸ್ತ್ರದಲ್ಲಿ ಜ್ಞಾನಚಂದ್ರ ಘೋಷ್. ಪುಸ್ತಕಗಳಿಲ್ಲ, ಉಪಕರಣಗಳಿಲ್ಲ. ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರೂಲ್ ಎಂಬ ಪ್ರಾಧ್ಯಾಪಕರ ಬಳಿ ಜರ್ಮನ್ ಭೌತಶಾಸ್ತ್ರದ ಹೊಸ ಗ್ರಂಥಗಳಿದ್ದವು. ಅವನ್ನು ಎರವಲು ತಂದು, ಜರ್ಮನ್ ಕಲಿತು, ತಾವು ಓದಿ, ತಮ್ಮ ವಯಸ್ಸಿನವರೇ ಆದ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. 1920ರಲ್ಲಿ ಸಹಾ ಮತ್ತು ಬೋಸ್ ಅನುವಾದಿಸಿದ ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿ ಅವರ ಸಾಪೇಕ್ಷತಾ ಲೇಖನಗಳನ್ನು ವಿಶ್ವವಿದ್ಯಾಲಯವೇ ಪ್ರಕಟಿಸಿತು. ಅವು ಇಂಗ್ಲಿಷಿಗೆ ಬಂದದ್ದು ಆಗಲೇ. ಅದೇ ವರ್ಷ ಸಹಾ ಅವರ ಅಯಾನೀಕರಣ ಸಮೀಕರಣ ಹೊರಬಂತು. ನಕ್ಷತ್ರದ ಬೆಳಕಿನ ವರ್ಣಪಟಲದಿಂದ ಅದರ ಉಷ್ಣತೆಯನ್ನು ಅಳೆಯುವ ಸೂತ್ರ ಅದರಿಂದ ಸಿಕ್ಕಿತು. ದತ್ತಿಯ ಪ್ರಾಧ್ಯಾಪಕರು ಬರುವುದು ತಡವಾದದ್ದರಿಂದಲೇ ಈ ಹುಡುಗರಿಗೆ ಇಷ್ಟು ಬೇಗ ಜಾಗ ಸಿಕ್ಕಿತು ಎಂಬುದು ವಿಚಿತ್ರವಾದರೂ ನಿಜ.

ಪಾಲಿತ್ ಪೀಠಗಳ ಕಥೆ ಹೆಚ್ಚು ಪ್ರಸಿದ್ಧ. ರಸಾಯನಶಾಸ್ತ್ರದ ಪೀಠಕ್ಕೆ 1916ರಲ್ಲಿ ಪ್ರಫುಲ್ಲಚಂದ್ರ ರಾಯ್ ಬಂದರು, ವಿಜ್ಞಾನ ಕಾಲೇಜಿನ ಕೋಣೆಯೊಂದರಲ್ಲೇ ವಾಸ ಮಾಡಿದರು, ಅರವತ್ತು ತುಂಬಿದ ಮೇಲೆ ತಮ್ಮ ಸಂಬಳವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. ಭೌತಶಾಸ್ತ್ರದ ಪೀಠಕ್ಕೆ ಆಶುತೋಷ್ ಆರಿಸಿದ್ದು ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಬಿಡುವಿನಲ್ಲಿ ಪ್ರಯೋಗ ಮಾಡುತ್ತಿದ್ದ ರಾಮನ್ ಅವರನ್ನು. ವಿದೇಶದಲ್ಲಿ ತರಬೇತಿ ಪಡೆಯಬೇಕೆಂಬ ನಿಯಮಕ್ಕೆ ರಾಮನ್ ಒಪ್ಪಲಿಲ್ಲ, ನಿಯಮವೇ ಸಡಿಲವಾಯಿತು. ಸರ್ಕಾರಿ ಸಂಬಳಕ್ಕಿಂತ ಬಹಳ ಕಡಿಮೆ ಸಂಬಳಕ್ಕೆ 1917ರಲ್ಲಿ ಅವರು ಪೀಠಕ್ಕೆ ಬಂದರು. 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮ ಕಂಡುಬಂದದ್ದು ಬೌಬಜಾರಿನ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಾಲಯದಲ್ಲಿ, ಆದರೆ ಅವರ ಜೀವನ ನಡೆಯುತ್ತಿದ್ದುದು ಪಾಲಿತ್ ದತ್ತಿಯಿಂದ. ಆ ದಿನವನ್ನು ದೇಶ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತದೆ. ರಾಸಬಿಹಾರಿ ಘೋಷ್ ತೀರಿಕೊಂಡದ್ದೂ ಫೆಬ್ರುವರಿ 28ರಂದೇ, ಏಳು ವರ್ಷ ಮೊದಲು. ಆಚರಣೆಯ ಭಾಷಣಗಳಲ್ಲಿ ಈ ಕಾಕತಾಳೀಯವನ್ನು ಯಾರೂ ಬಳಸಿಕೊಂಡಂತಿಲ್ಲ.

ಘೋಷ್ ಪೀಠಗಳ ಫಲ ನಿಧಾನವಾಗಿ, ಆದರೆ ಹಲವು ದಿಕ್ಕಿಗೆ ಹರಡಿತು. 1919ರಲ್ಲಿ ಬರ್ಲಿನ್‌ನಿಂದ ಮರಳಿದ ದೇಬೇಂದ್ರ ಮೋಹನ್ ಬೋಸ್ ಅಲ್ಲಿ ಕಲಿತಿದ್ದ ಮೇಘಕೋಷ್ಠದ ತಂತ್ರವನ್ನು ತಂದರು. ಕಣ್ಣಿಗೆ ಕಾಣದ ಕಣಗಳು ಹಾದುಹೋದ ದಾರಿಯನ್ನು ಮಂಜಿನ ಗೆರೆಯಾಗಿ ತೋರಿಸುವ ಆ ಉಪಕರಣವನ್ನು ಭಾರತದಲ್ಲಿ ಮೊದಲು ಕಟ್ಟಿದವರಲ್ಲಿ ಅವರು ಅಗ್ರಗಣ್ಯರು. ಮುಂದೆ ಅವರು ತಮ್ಮ ಸೋದರಮಾವ ಜಗದೀಶಚಂದ್ರರು ಸ್ಥಾಪಿಸಿದ ಬೋಸ್ ಸಂಸ್ಥೆಯ ನಿರ್ದೇಶಕರಾಗಿ, ಬಿಭಾ ಚೌಧುರಿಯವರ ಜೊತೆ ವಿಶ್ವಕಿರಣಗಳ ಅಧ್ಯಯನ ಮಾಡಿದರು.

ಸಸ್ಯಶಾಸ್ತ್ರದ ಆಘರ್ಕರ್ ಅವರಿಗೆ ಕರ್ನಾಟಕದ ನಂಟಿದೆ. ಮಾಲವಣದಲ್ಲಿ ಹುಟ್ಟಿದ ಅವರು ಮೆಟ್ರಿಕ್ ಮಾಡಿದ್ದು ಧಾರವಾಡದಲ್ಲಿ. ಪಶ್ಚಿಮ ಘಟ್ಟಗಳಲ್ಲಿ ಅಲೆದು ಗಿಡಮರಗಳನ್ನೂ ಜೀವಿಗಳನ್ನೂ ಸಂಗ್ರಹಿಸುತ್ತಿದ್ದಾಗ ಸಿಹಿನೀರಿನ ಲೋಳೆಮೀನೊಂದನ್ನು ಪತ್ತೆ ಮಾಡಿ, ಯುವಕನಾಗಿದ್ದಾಗಲೇ ವಿಜ್ಞಾನಲೋಕದ ಗಮನ ಸೆಳೆದಿದ್ದರು. ಕಲ್ಕತ್ತಾದಲ್ಲಿ ಘೋಷ್ ಪ್ರಾಧ್ಯಾಪಕರಾಗಿ ದುಡಿದು ನಿವೃತ್ತರಾದ ಮೇಲೆ, 1946ರಲ್ಲಿ ಕಲ್ಕತ್ತಾದ ವಿಜ್ಞಾನ ಸಂವರ್ಧನ ಸಂಘದ ಮಾದರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರ ವಿಜ್ಞಾನ ಸಂವರ್ಧನ ಸಂಘವನ್ನು ಕಟ್ಟಿದರು. ಅದರ ಸಂಶೋಧನಾ ಸಂಸ್ಥೆ ಈಗ ಆಘರ್ಕರ್ ಸಂಶೋಧನಾ ಸಂಸ್ಥೆ ಎಂದೇ ಹೆಸರಾಗಿದೆ. ಗೋಧಿ, ಸೋಯಾ ತಳಿಗಳ ಮೇಲೆ ಕೆಲಸ ಮಾಡುವ ಆ ಸಂಸ್ಥೆಯನ್ನು ನೋಡಿದರೆ, ಸಸ್ಯಶಾಸ್ತ್ರ ಕೃಷಿಗೆ ಒದಗಬೇಕೆಂದು ಘೋಷ್ ಹಾಕಿದ್ದ ಷರತ್ತು ದಾನಿ ಎಣಿಸದ ಊರಿನಲ್ಲಿ ಈಡೇರಿದಂತಿದೆ.

1919ರ ಕೊನೆಗೆ ಘೋಷ್ ತಮ್ಮ ಎರಡನೇ ದತ್ತಿಯನ್ನು ಸಾಲಪತ್ರಗಳ ರೂಪದಲ್ಲಿ ಕೊಟ್ಟರು. 11.43 ಲಕ್ಷದ ಈ ಮೊತ್ತ ಅನ್ವಯಿಕ ಭೌತಶಾಸ್ತ್ರ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಎರಡು ಪೀಠಗಳಿಗೆ. ಮೊದಲ ದತ್ತಿ ಶುದ್ಧ ವಿಜ್ಞಾನದ ಕಡೆ ವಾಲಿದ್ದರೆ ಇದರ ಕಣ್ಣು ಕಾರ್ಖಾನೆಯ ಮೇಲೆ. ಸ್ವದೇಶಿ ಬಟ್ಟೆ, ಸ್ವದೇಶಿ ಸಾಬೂನು ಎಂದು ಕೂಗಿದ್ದವರಿಗೆ ಅವನ್ನು ತಯಾರಿಸಲು ಗೊತ್ತಿದ್ದವರು ಬೇಕಿತ್ತು. ಅನ್ವಯಿಕ ಭೌತಶಾಸ್ತ್ರಕ್ಕೆ ಫಣೀಂದ್ರನಾಥ ಘೋಷ್, ಅನ್ವಯಿಕ ರಸಾಯನಶಾಸ್ತ್ರಕ್ಕೆ ಹೇಮೇಂದ್ರ ಕುಮಾರ್ ಸೇನ್ ಬಂದರು. ಸೇನ್ ಮುಂದೆ ರಾಂಚಿಯ ಅರಗು ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಉಯಿಲಿನ ಮೂಲಕವೂ ಘೋಷ್ ವಿಶ್ವವಿದ್ಯಾಲಯಕ್ಕೆ ಹಣ ಬಿಟ್ಟರು. ಅದರಿಂದ ವಿದ್ವಾಂಸರಿಗೆ ವಿದೇಶ ಪ್ರವಾಸದ ಫೆಲೋಶಿಪ್‌ಗಳು ನಡೆದವು.

ಘೋಷ್ ಹೆಸರಿನ ಪೀಠದಿಂದ ಬಂದ ಕೆಲಸಗಳಲ್ಲಿ ಎತ್ತಿ ಹೇಳಬೇಕಾದದ್ದು ಶಿಶಿರ್ ಕುಮಾರ್ ಮಿತ್ರಾ ಅವರದು. ರಾಮನ್ ಅವರ ಬಳಿ ಬೆಳಕಿನ ಮೇಲೆ ಕೆಲಸ ಮಾಡಿ, ಫ್ರಾನ್ಸಿಗೆ ಹೋಗಿ, ಅಲ್ಲಿ ರೇಡಿಯೊ ಕವಾಟಗಳ ಹೊಸ ಲೋಕಕ್ಕೆ ಮರುಳಾಗಿ 1923ರಲ್ಲಿ ಮರಳಿದ ಮಿತ್ರಾ ಎಂ.ಎಸ್ಸಿ. ಪಾಠಪಟ್ಟಿಯಲ್ಲಿ ನಿಸ್ತಂತು ವಿಷಯವನ್ನು ಸೇರಿಸಿದರು. ಮೊದಲು ಖೈರಾದ ರಾಜರ ದತ್ತಿಯಿಂದ ಆದ ಪೀಠದಲ್ಲಿ, 1935ರಿಂದ ರಾಸಬಿಹಾರಿ ಘೋಷ್ ಪೀಠದಲ್ಲಿ ಅವರು ಕೂತರು. ನೆಲದಿಂದ ನೂರಾರು ಕಿಲೋಮೀಟರ್ ಮೇಲೆ ಸೂರ್ಯನ ಕಿರಣಗಳಿಂದ ವಿದ್ಯುದಾವಿಷ್ಟವಾದ ಗಾಳಿಯ ಪದರಗಳಿವೆ. ದೂರದ ರೇಡಿಯೊ ಅಲೆಗಳು ಅಲ್ಲಿಗೆ ತಾಗಿ ಹಿಂದಿರುಗುವುದರಿಂದಲೇ ಸಮುದ್ರದಾಚೆಯ ನಿಲಯಗಳು ನಮಗೆ ಕೇಳುತ್ತವೆ. ಕಲ್ಕತ್ತಾದಿಂದ ಅಲೆಗಳನ್ನು ಮೇಲಕ್ಕೆ ಕಳಿಸಿ, ಪ್ರತಿಧ್ವನಿಯ ಸಮಯ ಎಣಿಸಿ, ಆ ಪದರಗಳ ಎತ್ತರವನ್ನು ಮಿತ್ರಾ ತಂಡ ಅಳೆಯಿತು. 1947ರಲ್ಲಿ ಪ್ರಕಟವಾದ ಅವರ ‘ದಿ ಅಪ್ಪರ್ ಅಟ್ಮಾಸ್ಫಿಯರ್’ ಗ್ರಂಥ ವಾಯುಮಂಡಲದ ಮೇಲ್ಭಾಗವನ್ನು ಅಧ್ಯಯನ ಮಾಡುವವರಿಗೆ ಹಲವು ದೇಶಗಳಲ್ಲಿ ಆಧಾರಗ್ರಂಥವಾಯಿತು. 1949ರಲ್ಲಿ ರೇಡಿಯೊ ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್ ಸಂಸ್ಥೆ ವಿಜ್ಞಾನ ಕಾಲೇಜಿನಲ್ಲೇ ತಲೆ ಎತ್ತಿತು. ಚಂದ್ರನ ಮೇಲಿನ ಒಂದು ಕುಳಿಗೆ ಮಿತ್ರಾ ಎಂದು ಹೆಸರಿದೆ. ಅಡಮಾನದ ದಾವೆಗಳಲ್ಲಿ ಗಳಿಸಿದ ಹಣ ಅಷ್ಟು ದೂರ ಹೋಯಿತು.

ಕಲ್ಕತ್ತಾದ ಈ ಪ್ರಯೋಗದ ಗಾಳಿ ಮೈಸೂರು ಸಂಸ್ಥಾನಕ್ಕೂ ಬೀಸಿತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವಕ್ಕೆ 1918ರಲ್ಲಿ ಭಾಷಣ ಮಾಡಲು ಬಂದವರು ಆಶುತೋಷ್ ಮುಖರ್ಜಿ. ಕಲ್ಕತ್ತಾದಲ್ಲಿ ತತ್ತ್ವಶಾಸ್ತ್ರದ ಪೀಠದಲ್ಲಿದ್ದ ಬ್ರಜೇಂದ್ರನಾಥ ಸೀಲ್ ಮೈಸೂರಿನ ಕುಲಪತಿಯಾಗಿ ಬಂದರು. ಅವರು ತೆರವು ಮಾಡಿದ ಪೀಠಕ್ಕೆ 1921ರಲ್ಲಿ ಹೋದವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದ ರಾಧಾಕೃಷ್ಣನ್. ವಿಜ್ಞಾನ ಕಾಲೇಜಿನ ಆರಂಭದ ಹುಡುಗರಲ್ಲೊಬ್ಬರಾದ ಜ್ಞಾನಚಂದ್ರ ಘೋಷ್ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಸುಮಾರು ಒಂಬತ್ತು ವರ್ಷ ಇದ್ದರು, ಆಮೇಲೆ ಖರಗ್‌ಪುರದ ಐಐಟಿಗೆ ಮೊದಲ ನಿರ್ದೇಶಕರಾದರು. ಮೈಸೂರಿನಲ್ಲಿ ವಿಶ್ವವಿದ್ಯಾಲಯ ನಡೆಸಲು ರಾಜರ ಬೊಕ್ಕಸವಿತ್ತು. ಆ ಆಸರೆ ಇಲ್ಲದ ಕಲ್ಕತ್ತಾಕ್ಕೆ ಹೈಕೋರ್ಟಿನ ಫೀಸು ನೆರವಿಗೆ ಬಂದದ್ದು.

ದತ್ತಿಯ ಮಿತಿಗಳೂ ಬೇಗ ಗೋಚರಿಸಿದವು. ಜಾಗವಿತ್ತು, ಸಂಬಳವಿತ್ತು, ಆದರೆ ಉಪಕರಣ, ರಾಸಾಯನಿಕ, ಗ್ರಂಥಾಲಯ, ದುರಸ್ತಿ ಇವುಗಳಿಗೆ ದುಡ್ಡಿರಲಿಲ್ಲ. ಪೀಠವನ್ನು ಹುಟ್ಟುಹಾಕುವುದು ಒಂದು ಖರ್ಚು, ಪೀಠದಲ್ಲಿ ಕೂತವರ ಕೈಗೆ ಕೆಲಸ ಕೊಡುವುದು ಇನ್ನೊಂದು. ಎರಡನೆಯದನ್ನು ಸರ್ಕಾರ ಭರಿಸೀತು ಎಂಬ ನಿರೀಕ್ಷೆ ಬಹುಕಾಲ ಹುಸಿಯಾಯಿತು. ವಿಶ್ವವಿದ್ಯಾಲಯ ಪರೀಕ್ಷಾ ಶುಲ್ಕದ ಉಳಿತಾಯವನ್ನು ಇದಕ್ಕೆ ಸುರಿಯಬೇಕಾಯಿತು. ಹಣದ ಅಭಾವವೇ ಆಶುತೋಷ್ ಅವರ ಎರಡನೇ ಕುಲಪತಿ ಅವಧಿಯಲ್ಲಿ ಸರ್ಕಾರದ ಜೊತೆ ಕಹಿ ಜಗಳಕ್ಕೆ ದಾರಿಯಾಯಿತು.

ಇನ್ನೊಂದು ಮಿತಿ ಬಡ್ಡಿಯದು. ನಿಗದಿತ ಬಡ್ಡಿಯ ಸಾಲಪತ್ರ ಬೆಲೆಗಳು ನಿಂತಲ್ಲೇ ನಿಂತಿರುವ ಕಾಲಕ್ಕೆ ಒಳ್ಳೆಯ ಆಸರೆ. ಎರಡು ಮಹಾಯುದ್ಧಗಳು ಬೆಲೆಗಳನ್ನು ಏರಿಸಿದವು, ಆದರೆ ಶೇ. 3.5 ಅಷ್ಟಕ್ಕೇ ನಿಂತಿತ್ತು. ಎರಡೂ ದತ್ತಿಗಳನ್ನು ಕೂಡಿಸಿದರೆ ಆ ದರದಲ್ಲಿ ವರ್ಷಕ್ಕೆ ಬರುವುದು ಸುಮಾರು 75,000 ರೂಪಾಯಿ. ಒಂದು ಕಾಲಕ್ಕೆ ಆರು ಪೀಠಗಳನ್ನು ಹೊತ್ತಿದ್ದ ಈ ಮೊತ್ತ ಇಂದು ಒಬ್ಬ ಪ್ರಾಧ್ಯಾಪಕರ ಒಂದು ತಿಂಗಳ ಮೂಲವೇತನಕ್ಕೂ ಸಾಲದು. ಭಾರತದ ಹಳೆಯ ದತ್ತಿಗಳೆಲ್ಲ ಎದುರಿಸಿದ ಕಷ್ಟ ಇದು. ನಮ್ಮ ಕಾಲೇಜುಗಳ ಚಿನ್ನದ ಪದಕಗಳು ಚಿನ್ನದ ಲೇಪಕ್ಕೆ ಇಳಿದ ಕಾರಣವೂ ಇದೇ. ಸ್ವಾತಂತ್ರ್ಯಾನಂತರ ಸಂಬಳದ ಭಾರವನ್ನು ಸರ್ಕಾರ ಹೊತ್ತಿತು, ಪೀಠಗಳ ಜೊತೆಗೆ ದಾನಿಗಳ ಹೆಸರು ಉಳಿಯಿತು.

ಹೆಸರುಗಳ ವಿಷಯದಲ್ಲಿ ಒಂದು ಅದಲುಬದಲು ನಡೆದಿದೆ. ಅಪ್ಪರ್ ಸರ್ಕ್ಯುಲರ್ ರಸ್ತೆ ಈಗ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆ. ಅಲ್ಲಿ ಪಾಲಿತ್ ಕೊಟ್ಟ ಜಾಗದ ಮೇಲೆ ನಿಂತ ವಿಜ್ಞಾನ ಕಾಲೇಜನ್ನು ಜನ ರಾಜಾಬಜಾರ್ ಸೈನ್ಸ್ ಕಾಲೇಜು ಎನ್ನುತ್ತಾರೆ. ಅಧಿಕೃತವಾಗಿ ಅದು ರಾಸಬಿಹಾರಿ ಶಿಕ್ಷಾ ಪ್ರಾಂಗಣ. ಪಾಲಿತರ ಹೆಸರು ಅವರದೇ ಇನ್ನೊಂದು ಆಸ್ತಿಯಾಗಿದ್ದ ಬಾಲಿಗಂಜಿನ ಆವರಣಕ್ಕೆ ಹೋಗಿದೆ. ದಕ್ಷಿಣ ಕೋಲ್ಕತ್ತಾದ ಜನನಿಬಿಡ ರಾಸಬಿಹಾರಿ ಅವೆನ್ಯೂ ಕೂಡ ಇದೇ ವಕೀಲರ ಹೆಸರಿನದು, ಅಲ್ಲಿ ಸೀರೆ ಕೊಳ್ಳಲು ಬರುವವರಲ್ಲಿ ಬಹುಮಂದಿ ಅದನ್ನು ಕ್ರಾಂತಿಕಾರಿ ರಾಸಬಿಹಾರಿ ಬೋಸ್ ಅವರದೆಂದು ತಿಳಿದರೂ.

ಅವರು ಕೈಬಿಡದ ಇನ್ನೊಂದು ಸಂಸ್ಥೆಯ ಕಥೆಯೂ ಇದರೊಂದಿಗೆ ಸೇರಿದ್ದು. 1921ರಲ್ಲಿ ತೀರಿಕೊಳ್ಳುವವರೆಗೂ ಘೋಷ್ ರಾಷ್ಟ್ರೀಯ ಶಿಕ್ಷಣ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಚಳವಳಿಯ ಕಾವು ಆರಿದ ಮೇಲೆ ಅದರ ಕಲಾ ವಿಭಾಗ ಸೊರಗಿತ್ತು, ತಾಂತ್ರಿಕ ಶಾಲೆ ಬಾಡಿಗೆ ಜಾಗದಲ್ಲಿ ಹೇಗೋ ಉಸಿರು ಹಿಡಿದಿತ್ತು. ಘೋಷ್ ತಮ್ಮ ಸಂಪತ್ತಿನ ದೊಡ್ಡ ಪಾಲನ್ನು, ಸುಮಾರು 13 ಲಕ್ಷ ರೂಪಾಯಿ, ಅದಕ್ಕೆ ಕೊಟ್ಟಿದ್ದರು. ಆ ಬಲದಿಂದ ಪರಿಷತ್ತು ನಗರದ ದಕ್ಷಿಣದ ಅಂಚಿನ ಜಾದವ್‌ಪುರದಲ್ಲಿ ನಗರಸಭೆಯಿಂದ ಭೂಮಿ ಪಡೆದು ಎಂಜಿನಿಯರಿಂಗ್ ಕಾಲೇಜು ಕಟ್ಟಿತು. 1955ರಲ್ಲಿ ಅದೇ ಜಾದವ್‌ಪುರ ವಿಶ್ವವಿದ್ಯಾಲಯವಾಯಿತು.